ಮಲೆನಾಡಿನ ಮನೆಯಲ್ಲಿ ವಾಲ್ವ್ ಗಿಟಾರ್ ಆಂಪ್ ಕಟ್ಟುವುದು: ಲೆಕ್ಕದಿಂದ ಮೊದಲ ಸ್ವರದವರೆಗೆ

ಸಾಗರದ ಹತ್ತಿರ ನಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಒಂದು ವಾಲ್ವ್ (ಗಾಜಿನ ಕೊಳವೆ) ರೇಡಿಯೋ ಇತ್ತು. ಸ್ವಿಚ್ ಹಾಕಿದರೆ ಅರ್ಧ ನಿಮಿಷ ಏನೂ ಆಗುತ್ತಿರಲಿಲ್ಲ. ಆಮೇಲೆ ಹಿಂದಿನ ರಟ್ಟಿನ ತೂತುಗಳಲ್ಲಿ ಕೆಂಡದ ಬಣ್ಣ ಕಾಣಿಸುತ್ತಿತ್ತು. ಅದರ ಬೆನ್ನಿಗೇ ಭದ್ರಾವತಿ ಆಕಾಶವಾಣಿಯ ದನಿ. ಆ ರೇಡಿಯೋದ ಹಿಂದೆ ಗ್ರಾಮಾಫೋನ್ ಸಿಕ್ಕಿಸಲು 'ಪಿಕಪ್' ಎಂದು ಬರೆದ ಎರಡು ತೂತುಗಳಿದ್ದವು. ಗಿಟಾರ್ ಕಲಿಯುತ್ತಿದ್ದ ದಿನಗಳಲ್ಲಿ ಅದಕ್ಕೆ ತಂತಿ ಕೊಟ್ಟು ನುಡಿಸಿದೆ. ಮೆಲ್ಲಗೆ ಮೀಟಿದರೆ ಸ್ವಚ್ಛ, ಜೋರಾಗಿ ಮೀಟಿದರೆ ಅಂಚು ಸ್ವಲ್ಪ ಸುಟ್ಟ ಹಾಗೆ ಒರಟು. ಆ ದನಿಗೆ ಮರುಳಾಗಿ ನಾನು ಆಂಪ್, ಅಂದರೆ ದನಿ ದೊಡ್ಡದು ಮಾಡುವ ಆಂಪ್ಲಿಫಯರ್, ಕಟ್ಟಲು ಶುರು ಮಾಡಿದ್ದು.

ನೀವು ಸುಮ್ನೆ ಹಾಗೆ ಮಾಡಬೇಡಿ. ಹಳೆಯ ರೇಡಿಯೋಗಳಲ್ಲಿ ಎರಡು ಜಾತಿ. ಒಂದಕ್ಕೆ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಇನ್ನೊಂದು ಎಸಿ-ಡಿಸಿ ಸೆಟ್. ಅದರಲ್ಲಿ ಯುಎಲ್41, ಯುಸಿಎಚ್42 ಥರ 'ಯು' ಅಕ್ಷರದ ವಾಲ್ವ್‌ಗಳಿರುತ್ತವೆ, ಚಾಸಿಯೇ (ಒಳಗಿನ ತಗಡಿನ ಚೌಕಟ್ಟು) ನೇರ ಕರೆಂಟಿನ ತಂತಿಗೆ ಸೇರಿರುತ್ತದೆ. ಅದಕ್ಕೆ ಗಿಟಾರ್ ಸಿಕ್ಕಿಸಿದರೆ ತಂತಿ ಮುಟ್ಟಿದ ಕೈ ಫೇಸ್ ಮುಟ್ಟಿದ ಹಾಗೆ. ಅಂಥ ಸೆಟ್ ಸಿಕ್ಕಿದರೆ ದೂರ ಇಡಿ.

ಇಲ್ಲಿ ಹೇಳುವುದು ಸುಮಾರು 4-5 ವ್ಯಾಟಿನ ಆಂಪ್. ಒಂದು ಇಸಿಸಿ83 ವಾಲ್ವ್, ಒಂದು ಇಎಲ್84 ವಾಲ್ವ್. ಇಸಿಸಿ83ಕ್ಕೆ ಅಮೆರಿಕದ ಹೆಸರು 12ಎಎಕ್ಸ್7, ಇಎಲ್84ಕ್ಕೆ 6ಬಿಕ್ಯೂ5. ವಾಕ್ಸ್ ಕಂಪನಿಯ ಎಸಿ15, ಎಸಿ30 ಆಂಪ್‌ಗಳ ದನಿ ಹುಟ್ಟುವುದು ಇದೇ ಇಎಲ್84ನಲ್ಲಿ. ನಮಗೆ ಇನ್ನೊಂದು ಕಾರಣವೂ ಇದೆ. ಬೆಂಗಳೂರಿನ ಬಿಇಎಲ್ 1961ರಲ್ಲಿ ರೇಡಿಯೋ ವಾಲ್ವ್ ಮಾಡಲು ಶುರು ಮಾಡಿತು. ಈ ಎರಡೂ ವಾಲ್ವ್‌ಗಳ ಮೇಲೆ ಬಿಇಎಲ್ ಮುದ್ರೆ ಇರುವಂಥವು ಇಂದಿಗೂ ಹಳೇ ರೇಡಿಯೋ ರಿಪೇರಿ ಮಾಡುವವರ ಡಬ್ಬಿಗಳಲ್ಲಿ ಸಿಗುತ್ತವೆ. ಹೊಸವು ಬೇಕಿದ್ದರೆ ರಷ್ಯಾ, ಸ್ಲೊವಾಕಿಯಾದಲ್ಲಿ ಮಾಡಿದ್ದು ಸಿಗುತ್ತದೆ.

ಇಡೀ ಕೆಲಸದಲ್ಲಿ ನಾನು ನಂಬಿರುವುದು ಒಂದೇ ಪದ್ಧತಿ. ಒಂದು ಭಾಗ ಕಟ್ಟಿ, ಮೀಟರ್ ಇಟ್ಟು ಅಳೆದು, ನೋಟ್‌ಬುಕ್ಕಿನಲ್ಲಿ ಬರೆದು, ಆಮೇಲೆ ಮುಂದಿನ ಭಾಗ. ಎಲ್ಲ ಒಟ್ಟಿಗೆ ಕಟ್ಟಿ ಸ್ವಿಚ್ ಹಾಕಿದರೆ ತಪ್ಪು ಎಲ್ಲಿದೆ ಎಂದು ಹುಡುಕಲು ವಾರ ಬೇಕು.

ಕೈ ಹಾಕುವ ಮೊದಲು

ಈ ಆಂಪಿನೊಳಗೆ 300 ವೋಲ್ಟಿಗಿಂತ ಜಾಸ್ತಿ ಡಿಸಿ ಇರುತ್ತದೆ. ಅದಕ್ಕೆ ಜೀವ ತೆಗೆಯುವ ಶಕ್ತಿ ಇದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರುತ್ತದೆ. ನನ್ನ ಮೊದಲ ಆಂಪಿಗೆ ಬ್ಲೀಡರ್, ಅಂದರೆ ಹಾಗೆ ಉಳಿದ ಕರೆಂಟನ್ನು ಖಾಲಿ ಮಾಡುವ ರೆಸಿಸ್ಟರ್, ಹಾಕಿರಲಿಲ್ಲ. ಪ್ಲಗ್ ಕಿತ್ತು, ಊಟ ಮುಗಿಸಿ ಬಂದು ಕೈ ಹಾಕಿದೆ. ಭುಜದವರೆಗೆ ಹೊಡೆಯಿತು, ಕೈಯಲ್ಲಿದ್ದ ಇಕ್ಕಳ ಗೋಡೆಗೆ ಹೋಗಿ ಬಿತ್ತು. ಅವತ್ತಿನಿಂದ ಬ್ಲೀಡರ್ ಇಲ್ಲದೆ ಯಾವ ಆಂಪನ್ನೂ ಕಟ್ಟಿಲ್ಲ.

ಮೊದಲ ಕೆಪಾಸಿಟರಿನ ಎರಡು ಕಾಲಿಗೆ ಅಡ್ಡಲಾಗಿ 220ಕೆ (ಕಿಲೋಓಮ್), 2 ವ್ಯಾಟಿನ ರೆಸಿಸ್ಟರ್ ಹಾಕಿ. ಪ್ಲಗ್ ಕಿತ್ತ ಮೇಲೆ ಮೂರು ನಿಮಿಷ ಕಾಯಿರಿ. ಆಮೇಲೂ ಮೀಟರ್ ಇಟ್ಟು 5 ವೋಲ್ಟಿಗಿಂತ ಕೆಳಗೆ ಬಂದಿದೆಯೇ ನೋಡಿಯೇ ಕೈ ಹಾಕಿ. ಕರೆಂಟು ಇರುವಾಗ ಅಳೆಯಬೇಕಾದರೆ ಮೀಟರಿನ ಕಪ್ಪು ತಂತಿಯನ್ನು ಕ್ಲಿಪ್ಪಿನಿಂದ ಚಾಸಿಗೆ ಸಿಕ್ಕಿಸಿ, ಕೆಂಪು ತಂತಿಯನ್ನು ಬಲಗೈಯಲ್ಲಿ ಮಾತ್ರ ಹಿಡಿಯಿರಿ. ಎಡಗೈ ಬೆನ್ನ ಹಿಂದೆ. ಎರಡೂ ಕೈ ಒಳಗಿದ್ದರೆ ಕರೆಂಟು ಎದೆಯ ಮೂಲಕ ಹಾಯುತ್ತದೆ. ಮಳೆಗಾಲದಲ್ಲಿ ನಮ್ಮ ಕಾವಿ ನೆಲ ಬೆವರುತ್ತದೆ, ಅಲ್ವಾ? ಅದರ ಮೇಲೆ ಬರಿಗಾಲಲ್ಲಿ ಕೂತು ಈ ಕೆಲಸ ಮಾಡಬಾರದು. ಒಣಗಿದ ಮರದ ಹಲಗೆ ಹಾಕಿ, ರಬ್ಬರ್ ಚಪ್ಪಲಿ ಹಾಕಿಕೊಳ್ಳಿ. ಮನೆಯಲ್ಲಿ ಇನ್ನೊಬ್ಬರು ಇರಲಿ, ಮೇನ್ ಸ್ವಿಚ್ ಎಲ್ಲಿದೆ ಎಂದು ಅವರಿಗೆ ಗೊತ್ತಿರಲಿ.

ಅರ್ತಿಂಗ್ ಬಗ್ಗೆ ಎರಡು ಮಾತು. ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೂರನೇ ತೂತಿಗೆ ತಂತಿಯೇ ಇರುವುದಿಲ್ಲ. ವೈರ್‌ಮನ್ ಕರೆಸಿ ಪರೀಕ್ಷೆ ಮಾಡಿಸಿ. ಅರ್ತಿಂಗ್ ಗುಂಡಿ ಇದ್ದರೂ ನಮ್ಮ ಜಂಬಿಟ್ಟಿಗೆ ಮಣ್ಣು ಬೇಸಿಗೆಯಲ್ಲಿ ಒಣಗಿ ಅರ್ತ್ ದುರ್ಬಲವಾಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಗುಂಡಿಗೆ ಆಗಾಗ ನೀರು ಹಾಕಬೇಕು. ಗಿಟಾರಿನ ತಂತಿಗಳೆಲ್ಲ ಆಂಪಿನ ಚಾಸಿಗೆ ಸೇರಿರುತ್ತವೆ. ಚಾಸಿ ಅರ್ತ್ ಆಗಿಲ್ಲದಿದ್ದರೆ, ಮೈಕಿಗೆ ತುಟಿ ತಾಗಿದಾಗ ಶಾಕ್ ಹೊಡೆಯುತ್ತದೆ.

ವಾಲ್ವ್ ಏನು ಮಾಡುತ್ತದೆ

ಗಾಜಿನೊಳಗೆ ಗಾಳಿ ಇಲ್ಲ. ನಡುವಿನ ಹೀಟರ್ ಕಾದಾಗ ಅದರ ಸುತ್ತಲಿನ ಕ್ಯಾಥೋಡ್ ಎಲೆಕ್ಟ್ರಾನ್‌ಗಳನ್ನು ಹೊರಗೆ ಬಿಡುತ್ತದೆ. ಆಚೆ ಇರುವ ಪ್ಲೇಟಿಗೆ 250 ವೋಲ್ಟ್ ಕೊಟ್ಟಿರುವುದರಿಂದ ಅವು ಅತ್ತ ಓಡುತ್ತವೆ. ನಡುವೆ ಇರುವ ಗ್ರಿಡ್ ಗದ್ದೆಗೆ ನೀರು ಬಿಡುವ ತೂಬಿನ ಹಾಗೆ. ಅದಕ್ಕೆ ಗಿಟಾರಿನ ಸಣ್ಣ ವೋಲ್ಟೇಜ್ ಕೊಟ್ಟರೆ ದೊಡ್ಡ ಹರಿವು ಅದಕ್ಕೆ ತಕ್ಕಂತೆ ಏರಿ ಇಳಿಯುತ್ತದೆ. ತೂಬನ್ನು ಪೂರ್ತಿ ತೆರೆದ ಮೇಲೆ ಇನ್ನೂ ತೆರೆಯಲು ಬರುವುದಿಲ್ಲ. ವಾಲ್ವ್ ಆ ಮಿತಿಗೆ ಮೆತ್ತಗೆ ತಲುಪುತ್ತದೆ. ಒರಟು ದನಿ ಕಿವಿಗೆ ಹಿತವಾಗುವುದು ಆ ಮೆತ್ತಗಿನಿಂದ.

ಲೆಕ್ಕ: ಹಿಂದಿನಿಂದ ಮುಂದಕ್ಕೆ

ಲೆಕ್ಕವನ್ನು ಸ್ಪೀಕರಿನ ಕಡೆಯಿಂದ ಶುರು ಮಾಡಬೇಕು. ಇಎಲ್84 ತಯಾರಕರ ಪಟ್ಟಿ ಹೀಗೆ ಹೇಳುತ್ತದೆ: ಪ್ಲೇಟಿಗೆ 250 ವೋಲ್ಟ್, ಗ್ರಿಡ್ಡಿಗೆ ಮೈನಸ್ 7.3 ವೋಲ್ಟ್ ಇದ್ದರೆ ಪ್ಲೇಟಿನಲ್ಲಿ 48 ಮಿಲಿಆಂಪ್, ಸ್ಕ್ರೀನಿನಲ್ಲಿ (ಗ್ರಿಡ್ಡಿಗೂ ಪ್ಲೇಟಿಗೂ ನಡುವಿನ ಇನ್ನೊಂದು ಜಾಲರಿ) 5.5 ಮಿಲಿಆಂಪ್ ಹರಿಯುತ್ತದೆ. 250ನ್ನು 0.048ರಿಂದ ಗುಣಿಸಿ. 12 ವ್ಯಾಟ್. ಆ ಪ್ಲೇಟ್ ತಡೆಯುವ ಗರಿಷ್ಠ ಬಿಸಿಯೂ 12 ವ್ಯಾಟೇ. ಅಂದರೆ ಪಟ್ಟಿಯ ಲೆಕ್ಕ ತುತ್ತತುದಿಯಲ್ಲಿದೆ. ಕರೆಂಟು ಸ್ಥಿರವಾಗಿರುವ ಊರಿನಲ್ಲಿ ಅದು ನಡೆಯುತ್ತದೆ. ನಮ್ಮ ಮನೆಯ ಮೀಟರಿನಲ್ಲಿ ಸಂಜೆ 195, ರಾತ್ರಿ ಹನ್ನೊಂದರ ಮೇಲೆ 248 ನೋಡಿದ್ದೇನೆ. ಶರಾವತಿಯ ಕರೆಂಟು ಹುಟ್ಟುವ ಜಿಲ್ಲೆಯಲ್ಲೇ ಇದ್ದೇವೆ, ಆದರೆ ತೋಟದ ಕೊನೆಯ ಕಂಬದಲ್ಲಿ ವೋಲ್ಟೇಜ್ ಹೀಗೇ ಆಡುತ್ತದೆ.

ಅದಕ್ಕೆ ನಾನು ವಾಲ್ವನ್ನು ಸ್ವಲ್ಪ ತಣ್ಣಗೆ ಓಡಿಸುತ್ತೇನೆ. ಗ್ರಿಡ್ಡಿಗೆ ಆ ಮೈನಸ್ ಕೊಡುವ ಕ್ಯಾಥೋಡ್ ರೆಸಿಸ್ಟರ್ ಪಟ್ಟಿಯ ಪ್ರಕಾರ 135 ಓಮ್. ನಾನು ಹಾಕುವುದು 180 ಓಮ್, 2 ವ್ಯಾಟ್. ಆಗ ಅದರ ಮೇಲೆ ಸುಮಾರು 8 ವೋಲ್ಟ್ ನಿಲ್ಲುತ್ತದೆ. 8ನ್ನು 180ರಿಂದ ಭಾಗಿಸಿದರೆ 44 ಮಿಲಿಆಂಪ್. ಅದರಲ್ಲಿ ಸ್ಕ್ರೀನಿನ ನಾಲ್ಕೂವರೆ ಕಳೆದರೆ ಪ್ಲೇಟಿಗೆ ಸುಮಾರು 40. ಬಿಸಿ 10 ವ್ಯಾಟ್. ದನಿಯಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ, ವಾಲ್ವಿನ ಆಯಸ್ಸು ಉಳಿಯುತ್ತದೆ.

ಈ ವಾಲ್ವಿಗೆ ಎದುರು 5,000 ಓಮ್ ಇರಬೇಕು. ಸ್ಪೀಕರ್ 8 ಓಮ್. ನಡುವೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬೇಕು. 5,000ವನ್ನು 8ರಿಂದ ಭಾಗಿಸಿದರೆ 625. ಅದರ ವರ್ಗಮೂಲ 25. ಅಂದರೆ ವಾಲ್ವಿನ ಕಡೆಯ ಒಳಸುತ್ತು (ಪ್ರೈಮರಿ) 25 ಇದ್ದರೆ ಸ್ಪೀಕರಿನ ಕಡೆಯ ಹೊರಸುತ್ತು (ಸೆಕೆಂಡರಿ) 1.

ಇನ್ನು ಎಷ್ಟು ವೋಲ್ಟ್ ಬೇಕು? ಪ್ಲೇಟಿಗೂ ಕ್ಯಾಥೋಡಿಗೂ ನಡುವೆ 250, ಕ್ಯಾಥೋಡಿನಲ್ಲಿ 8, ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ತಂತಿಯಲ್ಲಿ ಕಳೆಯುವುದು 14ರಷ್ಟು. ಒಟ್ಟು 272. ಗುಂಯ್‌ಗುಡುವಿಕೆ ತಡೆಯಲು ಹಾಕುವ 220 ಓಮ್ ರೆಸಿಸ್ಟರಿನಲ್ಲಿ ಹತ್ತು ಚಿಲ್ಲರೆ ವೋಲ್ಟ್ ಹೋಗುತ್ತದೆ. ಅಂದರೆ ಡಯೋಡ್ ಆದ ಮೇಲೆ 285 ಬೇಕು. 220 ವೋಲ್ಟ್ ಎಸಿಯ ಸುತ್ತು, ನಾಲ್ಕು 1ಎನ್4007 ಡಯೋಡಿನ ಬ್ರಿಡ್ಜ್, ಒಂದು ಕೆಪಾಸಿಟರ್ ಹಾಕಿದರೆ ಹೊರೆ ಇದ್ದಾಗ ಸರಿಸುಮಾರು ಇಷ್ಟೇ ಬರುತ್ತದೆ.

ಎರಡು ಟ್ರಾನ್ಸ್‌ಫಾರ್ಮರ್‌ಗಳು

ಪವರ್ ಟ್ರಾನ್ಸ್‌ಫಾರ್ಮರಿಗೆ ಬೇಕಾದದ್ದು ಎರಡು ಹೊರಸುತ್ತು. ಒಂದು 220 ವೋಲ್ಟ್, 120 ಮಿಲಿಆಂಪ್. ಇನ್ನೊಂದು 6.3 ವೋಲ್ಟ್, 2 ಆಂಪ್ (ಆಂಪಿಯರ್), ಅದರ ನಟ್ಟನಡುವಿನಿಂದ ಹೊರತಂದ ಒಂದು ತುದಿ, ಅಂದರೆ ಸೆಂಟರ್ ಟ್ಯಾಪ್. ಇಎಲ್84 ಹೀಟರ್ 0.76 ಆಂಪ್ ತಿನ್ನುತ್ತದೆ, ಇಸಿಸಿ83 0.3 ಆಂಪ್. ಒಳಸುತ್ತಿಗೆ 0-210-230-250 ಎಂದು ಟ್ಯಾಪ್ ಬಿಡಿಸಿ. ನಿಮ್ಮ ಲೈನಿಗೆ ತಕ್ಕ ಟ್ಯಾಪನ್ನು ಆಮೇಲೆ ಆರಿಸಿಕೊಳ್ಳಬಹುದು. ಒಟ್ಟು 50 ವಿಎ (ವೋಲ್ಟ್-ಆಂಪಿಯರ್) ಅಳತೆಯ ಕೋರ್ (ಕಬ್ಬಿಣದ ತಿರುಳು) ಸಾಕು.

ಇದನ್ನು ಪಂಪ್‌ಸೆಟ್ ಮೋಟರ್, ಸ್ಟೆಬಿಲೈಸರ್ ವೈಂಡಿಂಗ್ ಮಾಡುವ ಅಂಗಡಿಯಲ್ಲಿ ಸುತ್ತಿಸಬಹುದು. ಅಡಿಕೆ ತೋಟದ ಸೀಮೆಯಲ್ಲಿ ಇಂಥ ಅಂಗಡಿ ಇಲ್ಲದ ಪೇಟೆ ಇಲ್ಲ. ಸುತ್ತುಗಳ ನಡುವೆ ಒಳ್ಳೆಯ ಇನ್ಸುಲೇಷನ್ ಹಾಳೆ ಹಾಕಲು, ಕೊನೆಗೆ ವಾರ್ನಿಶ್ಶಿನಲ್ಲಿ ಮುಳುಗಿಸಿ ಕಾಯಿಸಲು ಹೇಳಿ. ವಾರ್ನಿಶ್ ಇಲ್ಲದ ಕಾಯಿಲ್ ಒಂದು ಮಳೆಗಾಲದಲ್ಲಿ ನೀರು ಹೀರಿಕೊಳ್ಳುತ್ತದೆ.

ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕಥೆ ಬೇರೆ. ಇದರ ಒಳಸುತ್ತಿನಲ್ಲಿ ಯಾವಾಗಲೂ 40 ಮಿಲಿಆಂಪ್ ಡಿಸಿ ಹರಿಯುತ್ತಿರುತ್ತದೆ. ಕೋರಿನಲ್ಲಿ ಸಂದಿ ಇಲ್ಲದಿದ್ದರೆ ಕಬ್ಬಿಣ ಆ ಡಿಸಿಯಿಂದಲೇ ತುಂಬಿಹೋಗಿ, ಗಿಟಾರಿನ ಮಂದ್ರ ಸ್ವರಗಳಿಗೆ ಜಾಗವೇ ಉಳಿಯುವುದಿಲ್ಲ. ಹಾಗಾಗಿ ಇ ಆಕಾರದ ಸ್ಟ್ಯಾಂಪಿಂಗ್ ತಗಡುಗಳನ್ನೆಲ್ಲ ಒಂದೇ ದಿಕ್ಕಿನಲ್ಲಿ, ಐ ಆಕಾರದವನ್ನೆಲ್ಲ ಇನ್ನೊಂದು ದಿಕ್ಕಿನಲ್ಲಿ ಜೋಡಿಸಿ, ನಡುವೆ ಕಾಗದ ಇಡಬೇಕು. ನಾನು ಇದನ್ನು ಹೇಳಿದಾಗ ವೈಂಡಿಂಗ್ ಅಂಗಡಿಯವರು ಕೆಲಸ ನಿಲ್ಲಿಸಿ ನನ್ನ ಮುಖ ನೋಡಿದರು.

"ಅಲ್ಲ ಮಾರಾಯ್ರೆ, ಇ-ಐ ಹಿಂದೆ ಮುಂದೆ ಹಾಕದಿದ್ರೆ ಅದು ಟ್ರಾನ್ಸ್‌ಫಾರ್ಮರ್ ಹೇಗಾಗ್ತದೆ? ಬಿಸಿ ಆಗಿ ಸುಟ್ಟೋಗ್ತದೆ."

"ಇದಕ್ಕೆ 230 ಕೊಡೋದಿಲ್ಲ ಅಣ್ಣ. ಇದರಲ್ಲಿ ಡಿಸಿ ಹೋಗ್ತದೆ. ಚೋಕ್‌ಗೆ ಸಂದಿ ಬಿಡ್ತೀರಲ್ಲ, ಹಾಗೆ."

ಚೋಕ್ ಎಂದ ಕೂಡಲೇ ಅವರಿಗೆ ತಿಳಿಯಿತು. ಮುಂದೆ ಹೇಳಬೇಕಾಗಲೇ ಇಲ್ಲ.

ನಾನು ಕೊಟ್ಟ ಲೆಕ್ಕ ಇದು. ಒಂದು ಇಂಚು ಅಗಲದ ನಡುಗಾಲು, ಒಂದು ಇಂಚು ದಪ್ಪದ ಜೋಡಣೆ. ಒಳಸುತ್ತು 38 ಗೇಜ್ ತಂತಿಯಲ್ಲಿ 2,500 ಸುತ್ತು. ಹೊರಸುತ್ತು 21 ಗೇಜ್‌ನಲ್ಲಿ 100 ಸುತ್ತು. ಮೊದಲು 1,250 ಸುತ್ತು, ಅದರ ಮೇಲೆ ಹೊರಸುತ್ತು ಪೂರ್ತಿ, ಅದರ ಮೇಲೆ ಉಳಿದ 1,250. ಹೀಗೆ ನಡುವೆ ಸೇರಿಸಿದರೆ ತಾರ ಸ್ವರಗಳು ಮಸುಕಾಗುವುದಿಲ್ಲ. ಸಂದಿಗೆ ಒಂದು ಝೆರಾಕ್ಸ್ ಹಾಳೆ, ಅದರ ದಪ್ಪ ಸುಮಾರು 0.1 ಮಿಲಿಮೀಟರ್. ಒಳಸುತ್ತನ್ನು ಮೀಟರಿನಲ್ಲಿ ಅಳೆದರೆ 300ರಿಂದ 400 ಓಮ್ ಬರಬೇಕು. ಇಷ್ಟೆಲ್ಲ ಬೇಡ ಎನ್ನುವವರು ರೆಡಿಮೇಡ್ ತರಿಸಿಕೊಳ್ಳಬಹುದು. 'ಸಿಂಗಲ್ ಎಂಡೆಡ್, 5ಕೆಗೆ 8 ಓಮ್' ಎಂದು ಕೇಳಿ. ಪುಶ್‌ಪುಲ್ ಟ್ರಾನ್ಸ್‌ಫಾರ್ಮರಿಗೆ ಸಂದಿ ಇರುವುದಿಲ್ಲ, ಅದು ಇಲ್ಲಿಗೆ ಆಗಿಬರುವುದಿಲ್ಲ.

ಉಳಿದ ಸಾಮಾನು

ಕೆಪಾಸಿಟರ್, ಸಾಕೆಟ್, ಪಾಟ್ (ತಿರುಗಿಸಿ ಏರಿಸಿ ಇಳಿಸುವ ರೆಸಿಸ್ಟರ್) ಇವೆಲ್ಲ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದೇ ಓಡಾಟದಲ್ಲಿ ಸಿಗುತ್ತವೆ. ಫಿಲ್ಟರ್ ಕೆಪಾಸಿಟರ್ ಎಲ್ಲವೂ 450 ವೋಲ್ಟಿನವೇ ಆಗಬೇಕು. ಯಾಕೆಂದರೆ ಸ್ವಿಚ್ ಹಾಕಿದ ಮೊದಲ ಅರ್ಧ ನಿಮಿಷ ವಾಲ್ವ್ ಕಾದಿರುವುದಿಲ್ಲ, ಹೊರೆ ಇರುವುದಿಲ್ಲ, ವೋಲ್ಟೇಜ್ 340ರವರೆಗೆ ಏರುತ್ತದೆ. ಲೈನ್ ಜಾಸ್ತಿ ಇದ್ದರೆ ಇನ್ನೂ ಮೇಲೆ.

ಹಳೇ ರೇಡಿಯೋದಿಂದ ವಾಲ್ವ್, ಸಾಕೆಟ್ ತೆಗೆದುಕೊಳ್ಳಿ. ಕೆಪಾಸಿಟರ್ ಮಾತ್ರ ಬೇಡವೇ ಬೇಡ. ಮೇಣ ಬಳಿದ ಕಾಗದದ ಕೆಪಾಸಿಟರ್ ನಮ್ಮ ಹವೆಯಲ್ಲಿ ಐವತ್ತು ಮಳೆಗಾಲ ಕಂಡಿರುತ್ತದೆ, ಸೋರದೆ ಉಳಿದಿರುವುದಿಲ್ಲ.

ಚಾಸಿ ಮತ್ತು ಜಾಗ

2 ಮಿಲಿಮೀಟರ್ ಅಲ್ಯೂಮಿನಿಯಂ ಹಾಳೆಯನ್ನು ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಮಡಿಸಿಕೊಳ್ಳಿ. 30 ಸೆಂಟಿಮೀಟರ್ ಉದ್ದ, 15 ಅಗಲ, 6 ಎತ್ತರ. ಒಂಬತ್ತು ಕಾಲಿನ ಸಾಕೆಟ್ಟಿನ ತೂತು ಸಾಮಾನ್ಯವಾಗಿ 20ರಿಂದ 22 ಮಿಲಿಮೀಟರ್. ನಿಮ್ಮ ಸಾಕೆಟ್ ಅಳೆದೇ ಕೊರೆಯಿರಿ.

ಪವರ್ ಟ್ರಾನ್ಸ್‌ಫಾರ್ಮರ್ ಒಂದು ತುದಿಗೆ, ಗಿಟಾರ್ ಜಾಕ್ ಇನ್ನೊಂದು ತುದಿಗೆ. ಜಾಕಿನ ಪಕ್ಕ ಇಸಿಸಿ83, ನಡುವೆ ಇಎಲ್84. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಎಲ್ಲಿ ಕೂರಬೇಕು ಎನ್ನುವುದನ್ನು ಕಿವಿಯಿಂದಲೇ ತೀರ್ಮಾನ ಮಾಡಬೇಕು. ಅದರ ಸ್ಪೀಕರ್ ತಂತಿಗಳಿಗೆ ಒಂದು ಹೆಡ್‌ಫೋನ್ ಸಿಕ್ಕಿಸಿ. ಪವರ್ ಟ್ರಾನ್ಸ್‌ಫಾರ್ಮರಿನ ಒಳಸುತ್ತಿಗೆ ಮಾತ್ರ ಕರೆಂಟು ಕೊಡಿ, ಉಳಿದ ತುದಿಗಳಿಗೆಲ್ಲ ಟೇಪ್ ಸುತ್ತಿರಿ. ಈಗ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಚಾಸಿಯ ಮೇಲೆ ಮೆಲ್ಲಗೆ ಸರಿಸಿ, ತಿರುಗಿಸಿ. ಗುಂಯ್ ಎನ್ನುವ ದನಿ ಏರುತ್ತದೆ, ಇಳಿಯುತ್ತದೆ. ಎರಡು ಕೋರ್‌ಗಳು ಅಡ್ಡ-ಉದ್ದ ಆಗಿ ನಿಂತ ಒಂದು ಜಾಗದಲ್ಲಿ ದನಿ ಪೂರ್ತಿ ಅಡಗುತ್ತದೆ. ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ಬೋಲ್ಟಿನ ತೂತು ಅಲ್ಲೇ. ಈ ಹತ್ತು ನಿಮಿಷದ ಕೆಲಸವನ್ನು ಬಿಟ್ಟರೆ ಆಮೇಲೆ ಯಾವ ದುಬಾರಿ ಕೆಪಾಸಿಟರೂ ಆ ಗುಂಯ್‌ಗುಡುವಿಕೆಯನ್ನು ತೆಗೆಯಲಾರದು.

ತಂತಿ ಕೆಲಸ

ಮೊದಲು ಅರ್ತ್. ಪವರ್ ಕಾರ್ಡಿನ ಹಸಿರು ತಂತಿಯನ್ನು ಚಾಸಿಗೆ ಅದರದ್ದೇ ಬೋಲ್ಟಿನಲ್ಲಿ, ಹಲ್ಲಿನ ವಾಷರ್ ಹಾಕಿ ಬಿಗಿಯಿರಿ. ಆ ಬೋಲ್ಟಿಗೆ ಬೇರೆ ಏನನ್ನೂ ಸೇರಿಸಬೇಡಿ. ಫೇಸ್ ತಂತಿ ಮೊದಲು 500 ಮಿಲಿಆಂಪ್ ಸ್ಲೋ ಬ್ಲೋ ಫ್ಯೂಸಿಗೆ, ಅಲ್ಲಿಂದ ಸ್ವಿಚ್ಚಿಗೆ, ಅಲ್ಲಿಂದ ಟ್ರಾನ್ಸ್‌ಫಾರ್ಮರಿಗೆ.

ಆಮೇಲೆ ಹೀಟರ್. ಎರಡು ತಂತಿಗಳನ್ನು ಜಡೆ ಹೆಣೆದ ಹಾಗೆ ಬಿಗಿಯಾಗಿ ತಿರುಚಿ, ಚಾಸಿಯ ಮೂಲೆಗೆ ಒತ್ತಿ ಒಯ್ಯಿರಿ. ಸಾಕೆಟ್ಟಿನ ಕಾಲುಗಳನ್ನು ಕೆಳಗಿನಿಂದ ನೋಡುತ್ತಾ ಗಡಿಯಾರದ ದಿಕ್ಕಿನಲ್ಲಿ ಎಣಿಸಬೇಕು. ಇಎಲ್84ನಲ್ಲಿ ಹೀಟರ್ 4 ಮತ್ತು 5. ಇಸಿಸಿ83ರಲ್ಲಿ 4, 5 ಎರಡನ್ನೂ ಸೇರಿಸಿ ಒಂದು ತಂತಿ, 9ಕ್ಕೆ ಇನ್ನೊಂದು. ಸೆಂಟರ್ ಟ್ಯಾಪನ್ನು ನೆಲಕ್ಕೆ (ಸರ್ಕೀಟಿನ ಸೊನ್ನೆ ವೋಲ್ಟ್ ತಂತಿಗೆ) ಕೊಡುವ ಬದಲು ಇಎಲ್84 ಕ್ಯಾಥೋಡಿಗೆ, ಅಂದರೆ 3ನೇ ಕಾಲಿಗೆ ಕೊಡಿ. ಅಲ್ಲಿನ 8 ವೋಲ್ಟ್ ಹೀಟರನ್ನು ಸ್ವಲ್ಪ ಮೇಲೆ ಎತ್ತಿ ಹಿಡಿಯುತ್ತದೆ. ಆಗ ಹೀಟರಿನಿಂದ ಇಸಿಸಿ83 ಕ್ಯಾಥೋಡಿಗೆ ಸೋರುವ ಗುಂಯ್ ಕಡಿಮೆಯಾಗುತ್ತದೆ. ಖರ್ಚಿಲ್ಲದ ಉಪಾಯ, ಫಲ ಕಿವಿಗೆ ಕೇಳಿಸುತ್ತದೆ.

ಫಿಲ್ಟರ್ ಸಾಲು ಹೀಗೆ: ಬ್ರಿಡ್ಜಿನಿಂದ 47 ಮೈಕ್ರೋಫ್ಯಾರಡ್. ಅಲ್ಲಿಂದ 220 ಓಮ್, 5 ವ್ಯಾಟ್. ಮತ್ತೆ 47 ಮೈಕ್ರೋಫ್ಯಾರಡ್, ಇಲ್ಲಿಂದ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಒಂದು ತುದಿ. ಆಮೇಲೆ 1ಕೆ, 2 ವ್ಯಾಟ್, 22 ಮೈಕ್ರೋಫ್ಯಾರಡ್, ಇಲ್ಲಿಂದ ಇಎಲ್84 ಸ್ಕ್ರೀನ್, 9ನೇ ಕಾಲು. ಆಮೇಲೆ 10ಕೆ, 1 ವ್ಯಾಟ್, 22 ಮೈಕ್ರೋಫ್ಯಾರಡ್, ಇಲ್ಲಿಂದ ಇಸಿಸಿ83. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಇನ್ನೊಂದು ತುದಿ ಇಎಲ್84 ಪ್ಲೇಟಿಗೆ, 7ನೇ ಕಾಲಿಗೆ.

ಈಗ ಸಿಗ್ನಲ್ ದಾರಿ. ಜಾಕಿನಿಂದ ನೆಲಕ್ಕೆ 1 ಮೆಗ್ (ಮೆಗಾಓಮ್) ರೆಸಿಸ್ಟರ್. ಜಾಕಿನಿಂದ 68ಕೆ ಮೂಲಕ ಇಸಿಸಿ83ರ 2ನೇ ಕಾಲಿಗೆ. ಆ 68ಕೆ ರೆಸಿಸ್ಟರ್ ಸಾಕೆಟ್ಟಿನ ಕಾಲಿಗೇ ಅಂಟಿದ ಹಾಗೆ ಇರಬೇಕು. ನಾನು ಒಮ್ಮೆ ಅದನ್ನು ಬಿಟ್ಟು ನೇರ ತಂತಿ ಕೊಟ್ಟಿದ್ದೆ. ಗಿಟಾರ್ ಸಿಕ್ಕಿಸಿದ ಕೂಡಲೇ ಸ್ಪೀಕರಿನಲ್ಲಿ ಭದ್ರಾವತಿ ಆಕಾಶವಾಣಿ, ಪ್ರದೇಶ ಸಮಾಚಾರ, ಸ್ಪಷ್ಟವಾಗಿ. ಗಿಟಾರ್ ತಂತಿಯೇ ಏರಿಯಲ್ ಆಗಿತ್ತು, 675 ಕಿಲೋಹರ್ಟ್ಸ್ ಅಲೆಯನ್ನು ಗ್ರಿಡ್ಡೇ ಬಿಡಿಸಿ ಕೇಳಿಸುತ್ತಿತ್ತು. ಆ ರೆಸಿಸ್ಟರ್ ವಾಲ್ವಿನೊಳಗಿನ ಸಣ್ಣ ಕೆಪಾಸಿಟಿಯ ಜೊತೆ ಸೇರಿ ರೇಡಿಯೋ ಅಲೆಯನ್ನು ಹೊರಗೇ ನಿಲ್ಲಿಸುತ್ತದೆ.

ಮೊದಲ ಹಂತಕ್ಕೆ ಪ್ಲೇಟಿನಲ್ಲಿ (1ನೇ ಕಾಲು) 100ಕೆ, ಕ್ಯಾಥೋಡಿನಲ್ಲಿ (3) 1.5ಕೆ ಮತ್ತು 22 ಮೈಕ್ರೋಫ್ಯಾರಡ್. ಪ್ಲೇಟಿನಿಂದ 0.022 ಮೈಕ್ರೋಫ್ಯಾರಡ್, 630 ವೋಲ್ಟ್ ಕೆಪಾಸಿಟರ್ ಮೂಲಕ 1 ಮೆಗ್ ವಾಲ್ಯೂಮ್ ಪಾಟಿಗೆ. ಪಾಟಿನ ನಡುಗಾಲಿನಿಂದ ಎರಡನೇ ಹಂತದ ಗ್ರಿಡ್ಡಿಗೆ, 7ನೇ ಕಾಲಿಗೆ. ಎರಡನೇ ಹಂತಕ್ಕೆ ಪ್ಲೇಟ್ 6, ಕ್ಯಾಥೋಡ್ 8. ಅದೇ 100ಕೆ, 1.5ಕೆ, ಆದರೆ ಕ್ಯಾಥೋಡಿಗೆ ಕೆಪಾಸಿಟರ್ ಬೇಡ. ಅಲ್ಲಿಂದ ಇನ್ನೊಂದು 0.022, ನೆಲಕ್ಕೆ 470ಕೆ, ಆಮೇಲೆ 4.7ಕೆ ಮೂಲಕ ಇಎಲ್84ರ 2ನೇ ಕಾಲು. ಟೋನ್ ಬೇಕಿದ್ದರೆ ಆ 470ಕೆಯ ತಲೆಯಿಂದ 0.0047 ಮೈಕ್ರೋಫ್ಯಾರಡ್ ಮತ್ತು 250ಕೆ ಪಾಟ್ ಸಾಲಾಗಿ ನೆಲಕ್ಕೆ. ಇಎಲ್84 ಕ್ಯಾಥೋಡಿನ 180 ಓಮ್‌ಗೆ ಅಡ್ಡಲಾಗಿ 100 ಮೈಕ್ರೋಫ್ಯಾರಡ್, 50 ವೋಲ್ಟ್.

ನೆಲದ ತಂತಿಗಳಿಗೂ ಒಂದು ಕ್ರಮ ಇದೆ. ಇಎಲ್84 ಕ್ಯಾಥೋಡ್, ಮೊದಲ ಎರಡು ಫಿಲ್ಟರ್ ಇವುಗಳ ನೆಲ ಒಂದು ಗುಂಪು. ಇಸಿಸಿ83, ಪಾಟ್, ಕೊನೆಯ ಫಿಲ್ಟರ್ ಇವುಗಳದ್ದು ಇನ್ನೊಂದು ಗುಂಪು. ಎರಡೂ ಗುಂಪು ಸೇರಿ ಜಾಕಿನ ಹತ್ತಿರ ಒಂದೇ ಕಡೆ ಚಾಸಿ ಮುಟ್ಟಬೇಕು. ಸಿಕ್ಕಸಿಕ್ಕಲ್ಲಿ ಚಾಸಿಗೆ ಬೆಸುಗೆ ಹಾಕಿದರೆ ದೊಡ್ಡ ಕರೆಂಟಿನ ಏರಿಳಿತ ಸಣ್ಣ ಸಿಗ್ನಲಿಗೆ ಸೇರಿಕೊಳ್ಳುತ್ತದೆ.

ಬೆಸುಗೆ ಹಾಕುವಾಗ ತಂತಿಯನ್ನು ಮೊದಲು ಟ್ಯಾಗಿಗೆ ಒಂದು ಸುತ್ತು ಸುತ್ತಿ ಗಟ್ಟಿ ಮಾಡಿ. ಸೋಲ್ಡರ್ ಅಂಟಿನ ಕೆಲಸ ಮಾಡಬಾರದು. ಸರಿಯಾಗಿ ಕಾದ ಬೆಸುಗೆ ಹೊಳೆಯುತ್ತದೆ, ಅಂಚಿನಲ್ಲಿ ತೆಳ್ಳಗೆ ಹರಡಿರುತ್ತದೆ. ಬೂದಿ ಬಣ್ಣದ ಉಂಡೆ ಕಂಡರೆ ಮತ್ತೆ ಕಾಯಿಸಿ.

ಮೊದಲ ಸಲ ಕರೆಂಟು

ರೇಡಿಯೋ ರಿಪೇರಿಯವರ ಸೀರೀಸ್ ಬಲ್ಬ್ ಬೋರ್ಡ್ ಗೊತ್ತಿರಬೇಕು. 60 ವ್ಯಾಟಿನ ಹಳೇ ಬಲ್ಬನ್ನು ಫೇಸ್ ತಂತಿಯಲ್ಲಿ ಸಾಲಾಗಿ ಸೇರಿಸುವುದು. ಎಲ್‌ಇಡಿ ಬಲ್ಬ್ ಆಗುವುದಿಲ್ಲ, ತಂತಿ ಉರಿಯುವ ಬಲ್ಬೇ ಬೇಕು. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಬೆಳಗುತ್ತದೆ, ಆಂಪ್ ಉಳಿಯುತ್ತದೆ. ಮೊದಲು ವಾಲ್ವ್ ಇಲ್ಲದೆ ಹಾಕಿ. ಬಲ್ಬ್ ಕ್ಷಣ ಮಿಂಚಿ ಮಂಕಾದರೆ ಸರಿ. ಹಾಗೇ ಉರಿಯುತ್ತಿದ್ದರೆ ಡಯೋಡ್ ಅಥವಾ ಕೆಪಾಸಿಟರ್ ತಿರುಗುಮುರುಗಾಗಿದೆ.

ಬಲ್ಬ್ ತೆಗೆದು ನೇರ ಕರೆಂಟು ಕೊಟ್ಟು ಅಳೆಯಿರಿ. ಡಿಸಿ 320ರಿಂದ 340. ಹೀಟರ್ ಸಾಕೆಟ್ಟಿನಲ್ಲಿ ಎಸಿ 6.8ರ ಆಸುಪಾಸು, ವಾಲ್ವ್ ಹಾಕಿದ ಮೇಲೆ 6.3ಕ್ಕೆ ಇಳಿಯಬೇಕು. 5.7ರಿಂದ 6.9ರ ಒಳಗಿದ್ದರೆ ಚಿಂತೆ ಇಲ್ಲ. ಬರೆದಿಟ್ಟುಕೊಳ್ಳಿ. ಪ್ಲಗ್ ಕಿತ್ತು, ಬ್ಲೀಡರ್ ವೋಲ್ಟೇಜ್ ಇಳಿಸುತ್ತಿದೆಯೇ ಎಂದು ಮೀಟರಿನಲ್ಲೇ ನೋಡಿ.

ಈಗ ಸ್ಪೀಕರ್ ಸಿಕ್ಕಿಸಿ. ಸ್ಪೀಕರ್ ಇಲ್ಲದೆ ವಾಲ್ವ್ ಆಂಪನ್ನು ಎಂದೂ ಓಡಿಸಬಾರದು. ಹೊರೆ ಇಲ್ಲದ ಟ್ರಾನ್ಸ್‌ಫಾರ್ಮರಿನಲ್ಲಿ ಸಾವಿರಾರು ವೋಲ್ಟ್ ಚಿಮ್ಮಿ ಇನ್ಸುಲೇಷನ್ ಸುಡುತ್ತದೆ. ಇಎಲ್84 ಮಾತ್ರ ಹಾಕಿ, ಸ್ವಿಚ್ ಹಾಕಿ, ಒಂದು ನಿಮಿಷದ ನಂತರ 180 ಓಮ್ ಮೇಲೆ ಅಳೆಯಿರಿ. ಏಳೂವರೆಯಿಂದ ಎಂಟೂವರೆ ವೋಲ್ಟ್ ಇದ್ದರೆ ನೀವು ಕೂತು ಮಾಡಿದ ಲೆಕ್ಕ ನಿಜವಾಯಿತು. ಮೀಟರಿನಲ್ಲಿ ಈ ಅಂಕಿ ನೋಡುವಾಗ ಆಗುವ ಖುಷಿ ನನಗೆ ಇವತ್ತಿಗೂ ಕಡಿಮೆಯಾಗಿಲ್ಲ. 10 ದಾಟಿದರೆ ಕೂಡಲೇ ಆರಿಸಿ. ಕೊನೆಗೆ ಇಸಿಸಿ83. ಅದರ ಪ್ಲೇಟ್‌ಗಳಲ್ಲಿ 150ರಿಂದ 180, ಕ್ಯಾಥೋಡಿನಲ್ಲಿ ಸುಮಾರು 1.2 ವೋಲ್ಟ್.

ಇಎಲ್84ರ 2ನೇ ಕಾಲಿನಲ್ಲಿ ಡಿಸಿ ಸೊನ್ನೆ ಇರಬೇಕು. ಅರ್ಧ ವೋಲ್ಟ್ ಕಂಡರೂ 0.022 ಕೆಪಾಸಿಟರ್ ಸೋರುತ್ತಿದೆ ಎಂದರ್ಥ. ಹಾಗೇ ಬಿಟ್ಟರೆ ಪ್ಲೇಟ್ ಕೆಂಪಾಗಿ ವಾಲ್ವ್ ಸಾಯುತ್ತದೆ.

ಗುಂಯ್ ಎನ್ನುತ್ತಿದ್ದರೆ

ಗಿಟಾರಿನಿಂದಲೇ ರೋಗ ಹಿಡಿಯಬಹುದು. ಆರನೇ ತಂತಿಯ ಮೂರನೇ ಫ್ರೆಟ್ ಒತ್ತಿ ಮೀಟಿ. ಅದು 98 ಹರ್ಟ್ಸ್. ಆಂಪಿನ ಗುಂಯ್ ಅದಕ್ಕೆ ಸರಿಹೊಂದಿದರೆ ಅದು 100 ಹರ್ಟ್ಸ್, ಬ್ರಿಡ್ಜ್ ಆದ ಮೇಲೆ ಉಳಿದ ಅಲೆ. ಫಿಲ್ಟರ್ ಕೆಪಾಸಿಟರ್ ಅಥವಾ ಅದರ ನೆಲದ ತಂತಿ ನೋಡಿ. ಅದಕ್ಕಿಂತ ಒಂದು ಸ್ಥಾಯಿ ಕೆಳಗಿದ್ದರೆ 50 ಹರ್ಟ್ಸ್. ಹೀಟರ್ ತಂತಿ, ಇಲ್ಲವೇ ಟ್ರಾನ್ಸ್‌ಫಾರ್ಮರ್ ಜಾಗ. ಇಸಿಸಿ83 ಕಿತ್ತಾಗ ಗುಂಯ್ ನಿಂತರೆ ದೋಷ ಇಸಿಸಿ83ರ ಹಂತಗಳಲ್ಲಿದೆ. ನಿಲ್ಲದಿದ್ದರೆ ಇಎಲ್84 ಅಥವಾ ಪವರ್ ಕಡೆ. ಮರದ ಪೆನ್ಸಿಲ್ಲಿನಿಂದ ವಾಲ್ವಿನ ಗಾಜನ್ನು ಮೆಲ್ಲಗೆ ತಟ್ಟಿದಾಗ ಸ್ಪೀಕರಿನಲ್ಲಿ ಗಂಟೆಯ ಹಾಗೆ ಕೇಳಿದರೆ ಆ ವಾಲ್ವ್ ಬದಲಿಸಿ.

ಕರೆಂಟು ಹೋದಾಗ ಮನೆಯ ಇನ್ವರ್ಟರಿನಲ್ಲಿ ನುಡಿಸಲು ಹೋದರೆ ಚರ್ ಎನ್ನುವ ಸದ್ದು ಬರುತ್ತದೆ, ದನಿ ಸೊರಗುತ್ತದೆ. ಚೌಕ ಅಲೆಯ ಇನ್ವರ್ಟರಿನ ತುದಿ 230ರ ಹತ್ತಿರವೇ ನಿಲ್ಲುತ್ತದೆ, ಲೈನಿನ ಅಲೆ 325ಕ್ಕೆ ಏರುತ್ತದೆ. ಆಂಪಿನ ಡಿಸಿ ತುಂಬುವುದು ಆ ತುದಿಯಿಂದ. ದೋಷ ಆಂಪಿನದ್ದಲ್ಲ. ಸೈನ್ ವೇವ್ ಇನ್ವರ್ಟರ್ ಇದ್ದರೆ ಈ ತೊಂದರೆ ಇಲ್ಲ.

ಪೆಟ್ಟಿಗೆ, ಸ್ಪೀಕರ್, ಮಳೆಗಾಲ

ಸ್ಪೀಕರಿನಲ್ಲಿ ಉಳಿತಾಯ ಮಾಡಬೇಡಿ. ಮನೆಯ ಹಾಡಿನ ಸ್ಪೀಕರಿಗೆ ಒಂದು ವ್ಯಾಟ್ ಕೊಟ್ಟರೆ 87 ಡೆಸಿಬಲ್ ಬರುತ್ತದೆ, ಗಿಟಾರಿಗೆಂದೇ ಮಾಡಿದ ಸ್ಪೀಕರಿನಲ್ಲಿ 97. ಆ ಹತ್ತು ಡೆಸಿಬಲ್ ಕಿವಿಗೆ ಎರಡು ಪಟ್ಟು ಜೋರು. 10 ಇಂಚಿನ 8 ಓಮ್ ಗಿಟಾರ್ ಸ್ಪೀಕರಿದ್ದರೆ ಈ 4 ವ್ಯಾಟಿಗೆ ಪಕ್ಕದ ಮನೆಯವರೂ ಕೇಳುಗರಾಗುತ್ತಾರೆ.

ಪೆಟ್ಟಿಗೆಗೆ ನಾನು ಆರಿಸಿದ್ದು ಹಲಸಿನ ಹಲಗೆ. ವೀಣೆ, ಮೃದಂಗಕ್ಕೆ ಬಳಸುವ ಮರ, ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ, ಗೆದ್ದಲು ಬೇಗ ಹತ್ತುವುದಿಲ್ಲ. ಭಾರ ಜಾಸ್ತಿ. ಹೊತ್ತು ತಿರುಗುವವರು ಸಿಲ್ವರ್ ಓಕ್ ನೋಡಬಹುದು. ಕಾಫಿ ತೋಟದಲ್ಲಿ ನೆರಳಿಗೆ, ಮೆಣಸಿನ ಬಳ್ಳಿಗೆ ಬೆಳೆಸಿದ ಮರ, ಹಗುರ. ಯಾವುದೇ ಆದರೂ ಎರಡು ಬೇಸಿಗೆ ಒಣಗಿದ್ದಿರಲಿ. ಹಸಿ ಹಲಗೆ ಆಗಸ್ಟ್‌ನಲ್ಲಿ ಉಬ್ಬಿ, ಮಾರ್ಚ್‌ನಲ್ಲಿ ಸೀಳುತ್ತದೆ. ಹಿಂಬದಿ ಅರ್ಧ ತೆರೆದಿರಲಿ, ವಾಲ್ವಿನ ಬಿಸಿ ಹೊರಗೆ ಹೋಗಬೇಕು. ತೆರೆದ ಜಾಗಕ್ಕೆ ತಂತಿ ಜಾಲರಿ ಹೊಡೆಯಿರಿ, ಇಲಿ, ಹಲ್ಲಿ, ಮಕ್ಕಳ ಕೈ ಎಲ್ಲಕ್ಕೂ ತಡೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಂಪನ್ನು ವಾರಕ್ಕೆ ಎರಡು ಸಲವಾದರೂ ಒಂದು ಗಂಟೆ ಓಡಿಸಿ. ಅದರ ಬಿಸಿಯೇ ಅದನ್ನು ಒಣಗಿಸುತ್ತದೆ, ಸ್ಪೀಕರಿನ ಕಾಗದಕ್ಕೆ ಬೂಷ್ಟು ಹಿಡಿಯುವುದಿಲ್ಲ. ತಿಂಗಳುಗಟ್ಟಲೆ ಮುಚ್ಚಿಟ್ಟ ಆಂಪಾದರೆ ಮತ್ತೆ ಸೀರೀಸ್ ಬಲ್ಬ್ ಮೂಲಕವೇ ಎಬ್ಬಿಸಿ. ಏಪ್ರಿಲ್, ಮೇ ಸಂಜೆಯ ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಿಡಿಲಿಗೆ ಅದು ಲೆಕ್ಕಕ್ಕಿಲ್ಲ.

ನೋಟ್‌ಬುಕ್ಕಿನಲ್ಲಿ ಬರೆದ ಎಲ್ಲ ವೋಲ್ಟೇಜುಗಳನ್ನು, ಅಂದಿನ ಲೈನ್ ವೋಲ್ಟೇಜ್ ಮತ್ತು ತಾರೀಖಿನ ಜೊತೆ, ಒಂದು ಚೀಟಿಗೆ ಇಳಿಸಿ ಪೆಟ್ಟಿಗೆಯ ಒಳಬದಿಗೆ ಅಂಟಿಸಿ. ಹತ್ತು ವರ್ಷದ ನಂತರ ಇದನ್ನು ಬಿಚ್ಚುವವರು ಮೊದಲು ಹುಡುಕುವುದು ಆ ಚೀಟಿಯನ್ನೇ.